ಪಕ್ಷಿಕಥನದಲ್ಲಿ ಫಜೀತಿಯ ಸ್ಥಾನ

ಚಳಿಗಾಲದಲ್ಲಿ ಊರ ಹೊರಗೆ ಹೋಗಿ, ದಾರಿ ತಪ್ಪಿಯೋ ಕೆಸರಿನಲ್ಲಿ ಜಾರಿಯೋ ತೊಂದರೆಗೆ ಸಿಕ್ಕಿ, ಆ ತೊಂದರೆಯ ನಡುವೆ ಅಕಸ್ಮಾತ್ತಾಗಿ ಒಂದು ಹಕ್ಕಿಯನ್ನು ಕಂಡು, ಮನೆಗೆ ಬಂದು ಅದನ್ನು ಬರೆದಿಡುವ ಒಂದು ಬಗೆಯ ಗದ್ಯವುಂಟು. ಇಂಗ್ಲೀಷಿನಲ್ಲಿ ಇದು ಇನ್ನೂರು ವರ್ಷಗಳಿಗೂ ಹಳೆಯದು. ಕನ್ನಡದಲ್ಲಿ ಈಚಿನದಾದರೂ ಇಲ್ಲವೆನ್ನುವಂತಿಲ್ಲ. ನಮ್ಮಲ್ಲಿ ಇದನ್ನು ಒಮ್ಮೆ ಲಘುಪ್ರಬಂಧವೆಂದೂ, ಒಮ್ಮೆ ಪ್ರವಾಸ ಕಥನವೆಂದೂ, ಮತ್ತೊಮ್ಮೆ ವಿಜ್ಞಾನ ಸಾಹಿತ್ಯವೆಂದೂ ಕರೆದು, ಕೊನೆಗೆ ಯಾವ ಪಂಕ್ತಿಯಲ್ಲಿಯೂ ಎಲೆ ಹಾಕದೆ ಬಿಡುವ ರೂಢಿಯಿದೆ. ಅದರಲ್ಲಿ ಬರುವ ಬೀಳು, ಏಳು, ತೊಯ್ಯುವಿಕೆ, ಚಪ್ಪಲಿ ಕಳೆಯುವಿಕೆ ಇವೆಲ್ಲ ಓದುಗನನ್ನು ನಗಿಸುವುದಕ್ಕೆ ಹಾಕಿದ ಒಗ್ಗರಣೆಯೆಂದೂ, ನಿಜವಾದ ವಸ್ತು ಹಕ್ಕಿಯೊಂದೇ ಎಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಆ ಭಾವನೆಯಿಂದ ಒಬ್ಬ ವಿದ್ಯಾರ್ಥಿಗೆ ಅನ್ಯಾಯವಾಯಿತು. ಅದನ್ನು ಹೇಳದೆ ಈ ವಿಷಯಕ್ಕೆ ಕೈಹಾಕುವುದು ನನಗೆ ಸರಿತೋರದು.

1998ರ ಜನವರಿ. ಸೇವೆಗೆ ಸೇರಿ ನನಗೆ ನಾಲ್ಕು ವರ್ಷವಾಗಿತ್ತು. ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ‘ನಾನು ಕಂಡ ಎಳ್ಳ ಅಮಾವಾಸ್ಯೆ’ ಎಂಬ ನಿಬಂಧವನ್ನು ಕೊಟ್ಟಿದ್ದೆ. ಎಳ್ಳ ಅಮಾಸಿ ನಮ್ಮ ಸೀಮೆಯ ದೊಡ್ಡ ಹಬ್ಬ. ಬಿಳಿಜೋಳ ಎದೆಯುದ್ದ ನಿಂತಿರುವ ಕಾಲ. ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಅಂಬಲಿ ಕಟ್ಟಿಕೊಂಡು ಚಕ್ಕಡಿ ಹೂಡಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಿಗೆ ಉಂಡು ಬರುತ್ತೇವೆ. ನಲವತ್ತು ನಿಬಂಧಗಳಲ್ಲಿ ಮೂವತ್ತೆಂಟು ಒಂದೇ ಅಚ್ಚಿನವು. ಅಚ್ಚು ನಾನೇ ಹಲಗೆಯ ಮೇಲೆ ಬರೆದುಕೊಟ್ಟದ್ದು. ಅವುಗಳಲ್ಲಿ ಸೂರ್ಯನು ಮೂಡಣದಲ್ಲಿ ಕೆಂಪಾಗಿ ಉದಯಿಸಿದ್ದನು, ತಂಗಾಳಿ ಬೀಸುತ್ತಿತ್ತು, ಕೋಗಿಲೆಯು ಇಂಪಾಗಿ ಹಾಡುತ್ತಿತ್ತು. ಮಾರ್ಗಶಿರದ ಅಮಾವಾಸ್ಯೆಯಲ್ಲಿ ನಮ್ಮ ಕಡೆ ಕೋಗಿಲೆ ಬಾಯಿ ಬಿಡುವುದಿಲ್ಲ. ಅದರ ಕೂಗು ಕೇಳಬೇಕಾದರೆ ಬೇವು ಚಿಗುರಬೇಕು. ಈ ಮಾತು ಮೂವತ್ತೆಂಟು ಮಕ್ಕಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹತ್ತಕ್ಕೆ ಎಂಟು ಅಂಕ ಕೊಟ್ಟೆ.

ಒಬ್ಬ ಹುಡುಗ ಬೇರೆ ಬರೆದಿದ್ದ. ಚರಗ ಚೆಲ್ಲುವ ಹೊತ್ತಿಗೆ ಅವರ ಎತ್ತೊಂದು ಹಗ್ಗ ಬಿಚ್ಚಿಕೊಂಡು ಹೋಯಿತು. ಹಿಂದೆ ಓಡಿದ ಹುಡುಗ ಹಳ್ಳದ ದಂಡೆಯ ಹಸಿ ಎರೆಯಲ್ಲಿ ಜಾರಿಬಿದ್ದ. ಒಂದು ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ಕೈಹಾಕಿ ಹುಡುಕಿದರೂ ಸಿಗಲಿಲ್ಲ. ಅಳುತ್ತ ಕುಳಿತಿದ್ದಾಗ ಎದುರಿನ ಕುಸುಬಿಯ ಹೊಲದಿಂದ ‘ಕಂಬಳಿ ಹೊತ್ತ ಮುದುಕ ಎದ್ದ ಹಾಂಗ’ ಒಂದು ಹಕ್ಕಿ ಎದ್ದು, ನಾಲ್ಕು ಹೆಜ್ಜೆ ನಡೆದು, ಓಡಿ, ಕುತ್ತಿಗೆ ಮುಂದೆ ಚಾಚಿ, ನೆಲದಿಂದ ಬಹಳ ಮೇಲೇರದೆ ಹಾರಿಹೋಯಿತು. ‘ಅದರ ಹೆಸರು ಗೊತ್ತಿಲ್ಲ. ನಮ್ಮ ಕುರಿಯಷ್ಟು ಇತ್ತು’ ಎಂದು ಮುಗಿಸಿದ್ದ. ಎತ್ತು ಸಿಕ್ಕಿತೋ ಇಲ್ಲವೋ ಬರೆದಿರಲಿಲ್ಲ.

ನಾನು ಕೆಂಪು ಶಾಯಿಯಲ್ಲಿ ಚಪ್ಪಲಿಯ ಭಾಗಕ್ಕೆ ‘ವಿಷಯಾಂತರ’ ಎಂದೂ, ಮುದುಕನಿಗೆ ‘ಉಪಮೆ ಅನುಚಿತ’ ಎಂದೂ, ಕುರಿಗೆ ‘ಅತಿಶಯೋಕ್ತಿ’ ಎಂದೂ ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಆ ಮೂರು ಟೀಕೆಗಳು ಒಂದು ಅಭಿರುಚಿಯ ಫಲ. ಆ ಅಭಿರುಚಿಯನ್ನೇ ಇಲ್ಲಿ ಪರೀಕ್ಷಿಸಬೇಕೆಂದಿದ್ದೇನೆ.

ಇಂಗ್ಲೀಷಿನ ಈ ಪರಂಪರೆಯಲ್ಲಿ ಮೊದಲು ನೆನೆಯಬೇಕಾದ ಗ್ರಂಥ ಗಿಲ್ಬರ್ಟ್ ವೈಟನ ‘ನ್ಯಾಚುರಲ್ ಹಿಸ್ಟರಿ ಆಫ್ ಸೆಲ್ಬೋರ್ನ್’. ಪ್ರಕಟವಾದುದು 1789ರಲ್ಲಿ. ಹ್ಯಾಂಪ್‌ಶೈರಿನ ಒಂದು ಸಣ್ಣ ಹಳ್ಳಿಯ ಪಾದ್ರಿ, ತನ್ನ ಊರಿನ ಹೊಲ, ತೋಪು, ಹಕ್ಕಿ, ಹಿಮಗಳ ವಿಷಯವಾಗಿ ಇಬ್ಬರು ಸ್ನೇಹಿತರಿಗೆ ಬರೆದ ಪತ್ರಗಳ ಸಂಗ್ರಹವಿದು. ವೈಟನು ಮರ್ಯಾದಸ್ಥ, ಪುಸ್ತಕದಲ್ಲಿ ಕೆಸರಿನಲ್ಲಿ ಬೀಳುವವನಲ್ಲ. ಅವನ ಎಣಿಕೆಗಳು ಬೀಳುತ್ತವೆ, ಆ ಬೀಳನ್ನು ಅವನು ಮುಚ್ಚಿಡುವುದಿಲ್ಲ. 1784ರ ಡಿಸೆಂಬರಿನ ಚಳಿಯನ್ನು ವರ್ಣಿಸುವ ಪತ್ರವನ್ನು ನೋಡಿರಿ. ಮನೆಯ ಹೊರಗೆ ಎರಡು ಉಷ್ಣಮಾಪಕಗಳನ್ನು ತೂಗುಹಾಕಿದ್ದಾನೆ. ಅವುಗಳಲ್ಲೊಂದರ ಗೆರೆಗಳು ಫ್ಯಾರನ್‌ಹೀಟ್ ಸೊನ್ನೆಗಿಂತ ನಾಲ್ಕು ಡಿಗ್ರಿ ಮೇಲಕ್ಕೇ ನಿಂತುಬಿಟ್ಟಿವೆ. ಪಾದರಸವು ಅದಕ್ಕಿಂತ ಕೆಳಗಿಳಿದು ಹಿತ್ತಾಳೆಯ ಕಟ್ಟಿನೊಳಗೆ ಅಡಗಿಕೊಂಡಿತು. ಚಳಿಯು ನಿಜವಾಗಿ ನೋಡತಕ್ಕದ್ದಾದ ಗಳಿಗೆಯಲ್ಲಿಯೇ ಆ ಉಪಕರಣ ಕೆಲಸಕ್ಕೆ ಬಾರದಾಯಿತು. ಇನ್ನೊಂದು ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ ತೋರಿಸಿತು. ಇನ್ನೂರು ಅಡಿಗಿಂತ ಹೆಚ್ಚು ಎತ್ತರದಲ್ಲಿದ್ದ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಚಳಿ ಇನ್ನೆಷ್ಟು ಘೋರವಾಗಿರಬೇಕೆಂದು ಆಶೆಪಟ್ಟು, ಅಲ್ಲಿನ ಗೃಹಸ್ಥನಿಗೆ ಚೀಟಿ ಕಳಿಸಿ ಮಾಪಕ ಇಡಿಸಿದ್ದನು. ಅಲ್ಲಿ ಆ ರಾತ್ರಿ 17 ಡಿಗ್ರಿ! ಎತ್ತರದಲ್ಲಿ ಚಳಿ ಕಡಮೆ, ತಗ್ಗಿನಲ್ಲಿ ಹೆಚ್ಚು. ನೆರೆಯವನ ಉಪಕರಣ ಕೆಟ್ಟಿರಬೇಕೆಂದು ತನ್ನದನ್ನು ಮೇಲಕ್ಕೆ ಹೊರಿಸಿ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಎರಡೂ ಒಂದೇ ಹೇಳಿದವು. ಹಳ್ಳದ ಬದಿಯ ತಗ್ಗಿನ ಹೊಲಕ್ಕೆ ಇಬ್ಬನಿ ಹೆಚ್ಚೆಂದು ನಮ್ಮ ರೈತರು ಹೇಳುವುದೂ ಇದೇ ಮಾತು. ಆದರೆ ವೈಟನು ಬರಿಯ ತೀರ್ಮಾನವನ್ನು ಕೊಡದೆ, ತಾನು ತಪ್ಪಾಗಿ ಎಣಿಸಿದ್ದು, ನೆರೆಯವನ ಮೇಲೆ ಸಂಶಯಪಟ್ಟದ್ದು, ಸಂಶಯ ಸುಳ್ಳಾದದ್ದು ಎಲ್ಲವನ್ನೂ ಅದೇ ಕ್ರಮದಲ್ಲಿ ಕೊಟ್ಟನು. ಫಜೀತಿಯನ್ನು ತೆಗೆದುಹಾಕಿದರೆ ಆ ಪತ್ರದಲ್ಲಿ ನಂಬತಕ್ಕದ್ದು ಏನೂ ಉಳಿಯುವುದಿಲ್ಲ.

1776ರ ಜನವರಿಯ ಹಿಮಪಾತದ ಪತ್ರವೂ ಹೀಗೆಯೇ. ತಾನು ಹದಿನಾಲ್ಕನೆಯ ತಾರೀಖು ಹೊರಗೆ ತಿರುಗಲೇಬೇಕಾಗಿ ಬಂದುದನ್ನು ಹೇಳಿ, ಕಿರುದಾರಿಗಳು ಬೇಲಿಯ ತುದಿಯವರೆಗೆ ಹಿಮದಿಂದ ತುಂಬಿದ್ದನ್ನು ಹೇಳಿ, ಆಮೇಲೆ ಹಕ್ಕಿಗಳ ಮಾತಿಗೆ ಬರುತ್ತಾನೆ. ಅಪೂರ್ವ ಪಕ್ಷಿಯಲ್ಲ, ಮನೆಯ ಕೋಳಿ! ಹಿಮದ ಹೊಳಪಿಗೆ ಕಣ್ಣು ಕೋರೈಸಿ ಕೋಳಿಗಳು ಗೂಡು ಬಿಟ್ಟು ಹೊರಡಲಿಲ್ಲ ಎಂಬ ಒಂದು ವಾಕ್ಯ. ಹಿಮದಲ್ಲಿ ತಾನೂ ನಡೆದವನ ಬಾಯಿಂದ ಬಂದುದರಿಂದಲೇ ಅದಕ್ಕೆ ಬೆಲೆ.

ವೈಟನ ಅತ್ಯಂತ ದೊಡ್ಡ ತಪ್ಪು ಕವಲುತೋಕೆಗಳ ವಿಷಯದಲ್ಲಿ ಆಯಿತು. ಚಳಿಗಾಲದಲ್ಲಿ ನಮ್ಮ ತಂತಿಗಳ ಮೇಲೆ ಸಾಲುಸಾಲಾಗಿ ಕೂಡುವ ಹಕ್ಕಿಯ ಕುಲದವು ಅವು. ಇಂಗ್ಲೆಂಡಿನಲ್ಲಿ ಬೇಸಗೆಗೆ ಬಂದು ಚಳಿಗೆ ಮಾಯವಾಗುತ್ತವೆ. ಎಲ್ಲವೂ ದೂರದೇಶಕ್ಕೆ ಹೋಗುವುದಿಲ್ಲ, ಕೆಲವು ಅಲ್ಲಿಯೇ ಬಿಲಪೊಟರೆಗಳಲ್ಲಿ ಮಲಗಿರಬಹುದು ಎಂಬ ಅನುಮಾನ ವೈಟನನ್ನು ಕೊನೆಯವರೆಗೂ ಬಿಡಲಿಲ್ಲ. ನವಂಬರಿನಲ್ಲಿ ಅಕಸ್ಮಾತ್ತಾಗಿ ಕಂಡ ಕೆಲವು ಹಕ್ಕಿಗಳೇ ಅದಕ್ಕೆ ಕಾರಣ. 1781ರಲ್ಲಿ ಆಳುಗಳನ್ನು ಹಚ್ಚಿ ಇಳಿಜಾರಿನ ಪೊದೆಗಳನ್ನೂ ಪೊಟರೆಗಳನ್ನೂ ಹುಡುಕಿಸಿದನು. ಒಂದು ಹಕ್ಕಿಯೂ ಸಿಗಲಿಲ್ಲ. ಸಿಗಲಿಲ್ಲವೆಂದು ಬರೆದನು. ಮುಂದೆ 1911ರಲ್ಲಿ ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ತೊಡಿಸಿದ ಒಂದು ಕವಲುತೋಕೆಯು 1912ರ ಡಿಸೆಂಬರಿನಲ್ಲಿ ಆಫ್ರಿಕದ ನಾಟಾಲಿನಲ್ಲಿ ಸಿಕ್ಕಿ ಆ ವಾದ ಮುಗಿಯಿತು. ವೈಟನ ಊಹೆ ಬಿದ್ದುಹೋಯಿತು. ದಿನ, ಹೊತ್ತು, ಸ್ಥಳ, ವಿಫಲತೆಗಳೊಡನೆ ಅವನು ಬರೆದಿಟ್ಟದ್ದು ಬೀಳಲಿಲ್ಲ. ಇಂದಿಗೂ ಪಕ್ಷಿಶಾಸ್ತ್ರಜ್ಞರು ಆ ಪುಟಗಳನ್ನು ತೆರೆಯುತ್ತಾರೆ. ನನ್ನ ಮೂವತ್ತೆಂಟು ಕೋಗಿಲೆಗಳನ್ನು ಯಾರು ತೆರೆದಾರು?

ಆದರೆ ಫಜೀತಿ ಇದ್ದ ಮಾತ್ರಕ್ಕೆ ಬರವಣಿಗೆ ಪ್ರಾಮಾಣಿಕವಾಗುವುದಿಲ್ಲ. ಇ.ಎಚ್.ಎ. ಎಂಬ ಮೂರಕ್ಷರದಿಂದ ಪ್ರಸಿದ್ಧನಾದ ಏಟ್ಕನ್ ಸಾತಾರೆಯಲ್ಲಿ ಹುಟ್ಟಿದವನು. ಮುಂಬಯಿ ಇಲಾಖೆಯ ಸುಂಕ ಮತ್ತು ಉಪ್ಪಿನ ಖಾತೆಯಲ್ಲಿ ಕೆಲಸ ಮಾಡಿದವನು. ಉತ್ತರ ಕನ್ನಡದ ಕಾಡುಗಳನ್ನು ತಿರುಗಿದವನು. 1883ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬನು. ಅವನ ವಿನೋದಕ್ಕೆ ಮರುಳಾಗದವರಿಲ್ಲ. ಕಪ್ಪೆ, ಇರುವೆ, ಕಾಗೆಗಳ ಕೈಯಲ್ಲಿ ತಾನು ಪಡುವ ಪಾಡನ್ನು ಹೇಳುವಾಗ ಅವನು ಬಹಳ ಒಳ್ಳೆಯ ಲೇಖಕ. ಅದೇ ವಿನೋದವನ್ನು ‘ಬಿಹೈಂಡ್ ದಿ ಬಂಗಲೋ’ದಲ್ಲಿ ಮನೆಯ ಆಳುಕಾಳುಗಳ ಮೇಲೆ ತಿರುಗಿಸಿದಾಗ ನನಗೆ ರುಚಿಸುವುದಿಲ್ಲ. ಅಲ್ಲಿ ಫಜೀತಿ ಯಾವಾಗಲೂ ಇನ್ನೊಬ್ಬನದು, ನೋಡುವವನ ಬಟ್ಟೆ ಮಾತ್ರ ಇಸ್ತ್ರಿಯಾಗಿರುತ್ತದೆ. ಅಂಥ ಕಡೆ ತೊಂದರೆಯು ಸಾಕ್ಷ್ಯವಲ್ಲ, ಕೇವಲ ತಮಾಷೆ.

ಇನ್ನೊಂದು ಅತಿರೇಕವೂ ಉಂಟು. 1911ರ ಜೂನ್ ಕೊನೆಯಲ್ಲಿ, ಎಂದರೆ ದಕ್ಷಿಣ ಧ್ರುವದ ನಡುಚಳಿಗಾಲದ ಕಗ್ಗತ್ತಲೆಯಲ್ಲಿ, ವಿಲ್ಸನ್, ಬೋವರ್ಸ್, ಚೆರ್ರಿ-ಗೆರಾರ್ಡ್ ಎಂಬ ಮೂವರು ಎಂಪರರ್ ಪೆಂಗ್ವಿನ್ನಿನ ಮೊಟ್ಟೆಗಾಗಿ ಕೇಪ್ ಕ್ರೋಜಿಯರಿಗೆ ಹೊರಟರು. ಚೆರ್ರಿ-ಗೆರಾರ್ಡನು 1922ರಲ್ಲಿ ಬರೆದ ಗ್ರಂಥದಲ್ಲಿ ಈ ಕಥೆಯಿದೆ. ಸುಮಾರು ಅರುವತ್ತೇಳು ಮೈಲಿಗೆ ಹತ್ತೊಂಬತ್ತು ದಿನ. ಚಳಿ ಫ್ಯಾರನ್‌ಹೀಟ್ ಸೊನ್ನೆಗಿಂತ 77 ಡಿಗ್ರಿ ಕೆಳಗೆ, ನಮ್ಮ ಈಗಿನ ಲೆಕ್ಕದಲ್ಲಿ ಸುಮಾರು 60 ಡಿಗ್ರಿ ಕೆಳಗೆ. ಬಿರುಗಾಳಿಗೆ ಡೇರೆಯೇ ಹಾರಿಹೋಗಿ, ದೈವವಶಾತ್ ಮತ್ತೆ ಸಿಕ್ಕಿತು. ಸಿಕ್ಕ ಮೊಟ್ಟೆ ಐದು; ಮನೆ ಮುಟ್ಟಿದ್ದು ಮೂರು. ಆ ಗ್ರಂಥದಲ್ಲಿ ಹಕ್ಕಿಗಿಂತ ಕಷ್ಟವೇ ಹೆಚ್ಚಾಯಿತೆಂದು ಆಕ್ಷೇಪಿಸಬಹುದು. ನಾನು ಆಕ್ಷೇಪಿಸಲಾರೆ. ಒಡೆದ ಎರಡು ಮೊಟ್ಟೆಗಳು ತನ್ನ ಕೈಯಲ್ಲಿದ್ದವೆಂದೂ, ತನ್ನದು ಹ್ರಸ್ವದೃಷ್ಟಿಯೆಂದೂ, ಆ ಚಳಿಯಲ್ಲಿ ಕನ್ನಡಕ ಹಾಕಲಾಗದೆ ಎಡವಿದನೆಂದೂ ಲೇಖಕನೇ ಹೇಳುತ್ತಾನೆ. ಕನ್ನಡಕವಿಲ್ಲದ ಕಣ್ಣಿನಿಂದ ನೋಡಿದವನು ಇಂಥವನೆಂದು ತಿಳಿಸಿದ ಮೇಲೆ, ಅವನು ಹೇಳುವ ಹಕ್ಕಿಗಳ ಮಾತನ್ನು ಎಷ್ಟು ನಂಬಬೇಕೆಂಬ ಅಳತೆಯೂ ಓದುಗನ ಕೈಗೆ ಬರುತ್ತದೆ. ಆ ಮೂರು ಮೊಟ್ಟೆಗಳ ಅಭ್ಯಾಸದ ಫಲ 1934ರಲ್ಲಿ ಹೊರಬಂದಾಗ ಅದರಿಂದ ಶಾಸ್ತ್ರಕ್ಕೆ ಹೆಚ್ಚಿನ ಲಾಭವಾಗಲಿಲ್ಲ. ಪುಸ್ತಕವನ್ನು ಜನ ಇನ್ನೂ ಓದುತ್ತಿದ್ದಾರೆ.

ಕನ್ನಡದಲ್ಲಿ ಈ ದಾರಿಯನ್ನು ಸಸ್ಯಗಳ ಮಟ್ಟಿಗೆ ತೋರಿಸಿಕೊಟ್ಟವರು ಬಿ.ಜಿ.ಎಲ್. ಸ್ವಾಮಿಯವರು. 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿನಲ್ಲಿ ವಿದ್ಯಾರ್ಥಿಗಳ ತಂಡ ಕಾಡಿನಲ್ಲಿ ಪಡುವ ಪೇಚಾಟಗಳನ್ನು ಬಿಟ್ಟರೆ ಗಿಡಗಳೇ ನೆನಪಿನಲ್ಲಿ ನಿಲ್ಲುವುದಿಲ್ಲ. ಅನಂತರ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡುಹಳ್ಳಗಳಲ್ಲಿ ಕಿವಿ ಎಂಬ ನಾಯಿಯನ್ನು ಕಟ್ಟಿಕೊಂಡು ತಿರುಗಿದ್ದನ್ನು ಬರೆದರು. ಇವರಿಬ್ಬರದೂ ಕಾಡಿನ ಲೋಕ. ಮರವಿಲ್ಲದ, ನೆರಳಿಲ್ಲದ, ದೂರಕ್ಕೆ ಜೋಳವೂ ಕಡಲೆಯೂ ಕುಸುಬಿಯೂ ಹಬ್ಬಿದ ನಮ್ಮ ಎರೆಸೀಮೆಯ ಚಳಿಗಾಲವನ್ನು ಹೀಗೆ ಬರೆದದ್ದು ನನ್ನ ಓದಿಗೆ ಸಿಕ್ಕಿದ್ದು ಬಹಳ ಕಡಮೆ. ಎಂಟನೆಯ ಇಯತ್ತೆಯ ಒಂದು ನೋಟುಬುಕ್ಕಿನಲ್ಲಿ ಒಂದೂವರೆ ಪುಟ ಸಿಕ್ಕಿತ್ತು, ಅದರ ಗತಿಯನ್ನು ಮೇಲೆ ಹೇಳಿದ್ದೇನೆ.

2005ರ ಜನವರಿಯಲ್ಲಿ ನಾನು ಸೊಲ್ಲಾಪುರದಿಂದ ಬಾರ್ಶಿಯ ಕಡೆಗೆ ಒಂದು ಸಭೆಗೆಂದು ನಸುಕಿನಲ್ಲಿಯೇ ಮೋಟಾರು ಸೈಕಲ್ಲಿನ ಮೇಲೆ ಹೊರಟಿದ್ದೆ. ಕಿವಿಗೆ ಮಫ್ಲರು, ಮೈಗೆ ಎರಡು ಸ್ವೆಟರು. ನಾನ್ನಜ ದಾಟುವಷ್ಟರಲ್ಲಿ ಚೈನು ಕಡಿಯಿತು. ಗಾಡಿಯನ್ನು ನೂಕುತ್ತ ಹೋಗುವಾಗ ಕಾಲು ತಪ್ಪಿ ಗಾಡಿಸಮೇತ ರಸ್ತೆಯ ಪಕ್ಕದ ತಗ್ಗಿಗೆ ಬಿದ್ದೆ. ಮೊಣಕಾಲು ತರಚಿತು, ಪ್ಯಾಂಟು ಹರಿಯಿತು. ಸಭೆಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು. ಕುಳಿತು ಮೊಣಕಾಲಿಗೆ ಕರವಸ್ತ್ರ ಕಟ್ಟುತ್ತಿದ್ದಾಗ ಒಂದು ಫರ್ಲಾಂಗಿನಾಚೆ ಒಣಹುಲ್ಲಿನ ಮಾಳದಲ್ಲಿ ಯಾರೋ ಕಂಬಳಿ ಹೊದ್ದು ಕುಳಿತಂತೆ ಕಂಡಿತು. ಹಳ್ಳಿಗಾಡಿನಲ್ಲಿ ಬೆಳಗಿನ ಹೊತ್ತು ಮಾಳದಲ್ಲಿ ಕುಳಿತವರನ್ನು ನೋಡಬಾರದೆಂಬುದು ಮರ್ಯಾದೆ. ನಾನು ಮುಖ ತಿರುಗಿಸಿದೆ. ಮತ್ತೆ ನೋಡುವಷ್ಟರಲ್ಲಿ ಮುದುಕ ಎದ್ದು ನಿಂತಿದ್ದ. ಅವನ ಕುತ್ತಿಗೆ ಉದ್ದವಾಗಿತ್ತು, ಬೆಳ್ಳಗಿತ್ತು. ತಲೆಯ ಮೇಲೆ ಕರಿಯ ಟೊಪ್ಪಿಗೆ, ಎದೆಗೆ ಅಡ್ಡಲಾಗಿ ಕರಿಯ ಪಟ್ಟಿ. ನಾಲ್ಕು ಹೆಜ್ಜೆ ನಡೆದ. ನಿಂತ. ಆಮೇಲೆ ಓಡಿ, ಭಾರವಾದ ರೆಕ್ಕೆಗಳನ್ನು ನಿಧಾನವಾಗಿ ಬಡಿಯುತ್ತ, ಕುತ್ತಿಗೆ ಚಾಚಿ, ತಗ್ಗಾಗಿ ಹಾರಿಹೋದ.

ಅದು ಎರೆಬೂತ. ಮರಾಠಿಯಲ್ಲಿ ಮಾಳಢೋಕ ಎನ್ನುತ್ತಾರೆ. ಗಂಡು ಹಕ್ಕಿ ಒಂದು ಮೀಟರಿನಷ್ಟು ಎತ್ತರ, ಹದಿನೈದು ಕಿಲೋದವರೆಗೆ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಒಂದು. ಕುರಿಯ ಹೋಲಿಕೆಯಲ್ಲಿ ಅತಿಶಯೋಕ್ತಿ ಎಲ್ಲಿದೆ? ಅದಕ್ಕಾಗಿಯೇ 1979ರಲ್ಲಿ ನಾನ್ನಜದ ಸುತ್ತಲಿನ ಸೀಮೆಯನ್ನು ಅಭಯಾರಣ್ಯವೆಂದು ಸಾರಲಾಗಿತ್ತು. ಈಗ ದೇಶದಲ್ಲಿಯೇ ಇನ್ನೂರಕ್ಕಿಂತ ಕಡಮೆ ಉಳಿದಿವೆ, ಅವುಗಳಲ್ಲಿ ಬಹುಪಾಲು ರಾಜಸ್ಥಾನದವು. ನಮ್ಮ ಜಿಲ್ಲೆಯಲ್ಲಿ ಒಂದು ಕಂಡರೆ ಪತ್ರಿಕೆಯ ಸುದ್ದಿ.

ಗಾಡಿಯ ಪಕ್ಕದಲ್ಲಿ ಕುಳಿತು ಆ ಹಕ್ಕಿಗೆ ಒಂದು ಉಪಮೆಯನ್ನು ಹುಡುಕಿದೆ. ಕಂಬಳಿ ಹೊತ್ತ ಮುದುಕನ ಹೊರತು ಬೇರೆ ಸಿಗಲಿಲ್ಲ. ಏಳು ವರ್ಷದ ಹಿಂದೆ ‘ಅನುಚಿತ’ ಎಂದು ಹೊಡೆದುಹಾಕಿದ್ದು ಅದನ್ನೇ.

ಇಲ್ಲಿ ಅಲಂಕಾರಶಾಸ್ತ್ರದ ಒಂದು ಮಾತು ಬೇಕಾಗುತ್ತದೆ. ಒಂದನ್ನು ಇನ್ನೊಂದೆಂದು ತಪ್ಪಾಗಿ ತಿಳಿಯುವುದನ್ನು ಭ್ರಾಂತಿಮಾನ್ ಎನ್ನುತ್ತೇವೆ. ಇದೋ ಅದೋ ಎಂದು ತೂಗುವುದನ್ನು ಸಂದೇಹ ಎನ್ನುತ್ತೇವೆ. ಕಾವ್ಯದಲ್ಲಿ ಇವೆರಡೂ ಬಹುಮಟ್ಟಿಗೆ ಉಪಚಾರದ ಮಾತುಗಳು. ನಾಯಿಕೆಯ ಮುಖವನ್ನು ಕಮಲವೆಂದು ತಿಳಿದ ದುಂಬಿ ನಿಜವಾಗಿ ಮೋಸಹೋಗಿಲ್ಲ, ಕವಿ ಕಳಿಸಿದ್ದರಿಂದ ಬಂದಿದೆ. ಹೊಲದಲ್ಲಿ ಹಕ್ಕಿ ಕಂಡವನ ಭ್ರಾಂತಿ ನಿಜವಾದ ಭ್ರಾಂತಿ. ಅವನು ಮೊದಲು ಮುದುಕನನ್ನೇ ಕಾಣುತ್ತಾನೆ, ಆಮೇಲೆ ಸಂದೇಹಪಡುತ್ತಾನೆ, ಕೊನೆಗೆ ಇದ್ದುದು ಇದ್ದ ಹಾಗೆ ಕಾಣುತ್ತದೆ. ಈ ಕೊನೆಯ ಮೆಟ್ಟಿಲೇ ಸ್ವಭಾವೋಕ್ತಿ. ದಂಡಿಯು ಅದನ್ನು ಅಲಂಕಾರಗಳಲ್ಲಿ ಮೊದಲು ಇಟ್ಟನು. ಕುಂತಕನು ಅದು ಅಲಂಕಾರವೇ ಅಲ್ಲ, ಅಲಂಕರಿಸಬೇಕಾದ ವಸ್ತು ಎಂದನು. ಪಂಡಿತರು ಈ ಜಗಳವನ್ನು ಮುಂದುವರಿಸಲಿ. ನನ್ನ ಅಭಿಪ್ರಾಯವಿಷ್ಟೆ: ಚಳಿ, ಕೆಸರು, ಕಡಿದ ಚೈನು, ಕಳೆದ ಚಪ್ಪಲಿ ಇವುಗಳಿಂದಲೇ ನೋಡುವವನು ಆ ಗಳಿಗೆಯಲ್ಲಿ ಎಲ್ಲಿ ಕುಳಿತಿದ್ದ, ಎಷ್ಟು ದೂರದಿಂದ ನೋಡಿದ, ಮೊದಲು ಏನೆಂದು ತಿಳಿದ ಎಂಬುದು ನಮಗೆ ತಿಳಿಯುತ್ತದೆ. ಅವನ್ನು ಬಿಟ್ಟರೆ ಉಳಿಯುವುದು ಚಂದ್ರಿಕೆಯನ್ನು ಕುಡಿಯುವ ಚಕೋರ, ಹಾಲು ನೀರು ಬೇರೆಮಾಡುವ ಹಂಸ. ಕವಿಸಮಯದ ಆ ಹಕ್ಕಿಗಳ ಮೇಲೆ ನನಗೆ ದ್ವೇಷವಿಲ್ಲ. ಅವನ್ನು ನೋಡಲು ಹೋಗಿ ಯಾರೂ ಚಪ್ಪಲಿ ಕಳೆದುಕೊಂಡಿಲ್ಲ, ಅಷ್ಟೆ.

ಸಲೀಂ ಅಲಿಯವರ ಆತ್ಮಕಥೆಯನ್ನು ಓದಿದವರಿಗೆ ಗೊತ್ತಿದೆ. ಹುಡುಗನಾಗಿದ್ದಾಗ ಹೊಡೆದ ಒಂದು ಗುಬ್ಬಿಯ ಗಂಟಲಿನ ಮೇಲೆ ಹಳದಿ ಗುರುತಿತ್ತು. ಹೆಸರು ತಿಳಿಯದೆ ಅದನ್ನು ಮುಂಬಯಿಯ ಸೊಸೈಟಿಗೆ ಒಯ್ದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹುಡುಗನನ್ನು ಒಳಗೆ ಕರೆದು, ಸಂಗ್ರಹದ ಖಾನೆಗಳನ್ನು ಒಂದೊಂದಾಗಿ ಎಳೆದು ತೋರಿಸಿದನು. ಹೆಸರು ಗೊತ್ತಿಲ್ಲವೆಂದ ಆ ಹುಡುಗನಿಗೆ ಮಿಲ್ಲಾರ್ಡ್ ಸಿಕ್ಕಿದ. ಹೆಸರು ಗೊತ್ತಿಲ್ಲವೆಂದು ಬರೆದ ನನ್ನ ವಿದ್ಯಾರ್ಥಿಗೆ ನಾನು ಸಿಕ್ಕಿದೆ.

ಮರುವರ್ಷ ಒಂದು ಮದುವೆಯಲ್ಲಿ ಅವನು ಭೇಟಿಯಾದ. ಸೊಲ್ಲಾಪುರದಲ್ಲಿ ಟೆಂಪೋ ನಡೆಸುತ್ತಿದ್ದ. ಕಾಲಿಗೆ ಬಿದ್ದವನನ್ನು ಎಬ್ಬಿಸಿ, ಎಳ್ಳ ಅಮಾಸಿಯ ನಿಬಂಧದ ಮಾತು ತೆಗೆದೆ. ಅವನಿಗೆ ತಿಳಿಯಲಿಲ್ಲ. ಕುಸುಬಿ ಹೊಲದ ಹಕ್ಕಿ ಎಂದೆ.

“ಹಕ್ಕಿ ನೆನಪಿಲ್ಲರಿ ಸರ್. ಚಪ್ಪಲಿ ಹೋಗಿದ್ದು ನೆನಪೈತ್ರಿ. ಅಪ್ಪ ಭಾಳ ಹೊಡದಿದ್ದ.”

ಯಾವ ಹಳ್ಳ, ಯಾರ ಹೊಲ, ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹಳ್ಳದ ಹೆಸರು ಹೇಳಿದ. ಉಳಿದದ್ದು ಹೇಳಲಾರದೆ ಹೋದ. ನಾನು ಬೇಸರಪಟ್ಟೇನೆಂದು ಹೆದರಿ, “ದೊಡ್ಡದಿತ್ತೇನೋರಿ” ಎಂದ. ಆ ನೋಟುಬುಕ್ಕು ಎಂದೋ ರದ್ದಿಗೆ ಹೋಗಿತ್ತು. 1997ರ ಎಳ್ಳ ಅಮಾವಾಸ್ಯೆಯ ದಿನ ಅಕ್ಕಲಕೋಟೆಯ ಸೀಮೆಯಲ್ಲಿ ಎರೆಬೂತ ಕಂಡಿತ್ತೆಂದು ನಾನು ಈಗ ಖಚಿತವಾಗಿ ಹೇಳಲಾರೆ. ಹೇಳಬಲ್ಲವನೊಬ್ಬನಿದ್ದನು, 1998ರ ಜನವರಿಯ ನಂತರ ಅವನು ಉಳಿದವರಂತೆ ಕೋಗಿಲೆಯನ್ನೇ ಬರೆದು, ಎಂಟು ಅಂಕ ಪಡೆದು, ಎಸ್.ಎಸ್.ಸಿ. ಪಾಸಾಗಿ ಹೋದನು.

ಉಪಾಧ್ಯಾಯ ಬಂಧುಗಳಲ್ಲಿ ಕೆಲವರು ಕೇಳಬಹುದು: ಮಕ್ಕಳೆಲ್ಲ ಬಿದ್ದದ್ದು ಎದ್ದದ್ದನ್ನೇ ಬರೆಯತೊಡಗಿದರೆ ನಿಬಂಧದ ಶಿಸ್ತು ಏನಾಗಬೇಕು? ಪ್ರಶ್ನೆ ಯುಕ್ತವಾದದ್ದೇ. ಬೀಳದೆ ಬಿದ್ದೆನೆಂದು ಬರೆಯುವ ಹೊಸ ಅಚ್ಚೊಂದು ಹುಟ್ಟಲು ಎರಡು ವರ್ಷ ಸಾಕು. ನಮ್ಮ ಶಾಲೆಯಲ್ಲಿ ಹುಟ್ಟಿಯೂ ಇದೆ. ಅದನ್ನು ಗುರುತಿಸುವ ಉಪಾಯವನ್ನು ವೈಟನಿಂದ ಕಲಿಯಬೇಕು. ಸುಳ್ಳು ಬಿದ್ದವನಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೆಂದು ತಿಳಿದಿರುವುದಿಲ್ಲ.

ಕಳೆದ ಎಳ್ಳ ಅಮಾಸಿಯ ನಂತರ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಬರೆದದ್ದು ನನ್ನ ಮೇಜಿನ ಮೇಲಿದೆ. ಹೊಲದ ನೀರಿನ ಪೈಪು ಒಡೆದು ಅವಳು ಮೈಯೆಲ್ಲ ತೊಯ್ದಿದ್ದಾಳೆ. ಹಲ್ಲು ಕಡಿಯುತ್ತ ಬದುವಿನ ಮೇಲೆ ಬಿಸಿಲಿಗೆ ನಿಂತಿದ್ದಾಳೆ. ಆಗ ತೊಗರಿಯ ತುದಿಗೆ ತಾಗುವ ಹಾಗೆ ಒಂದು ಬೂದುಬಣ್ಣದ ಹಕ್ಕಿ, ರೆಕ್ಕೆ ಬಡಿಯದೆ, ಅತ್ತ ಇತ್ತ ವಾಲುತ್ತ, ಏನನ್ನೋ ಕಳೆದುಕೊಂಡು ಹುಡುಕುವವರ ಹಾಗೆ ಹೋಯಿತು. ಹೆಸರು ಗೊತ್ತಿಲ್ಲ ಎಂದು ಬರೆದಿದ್ದಾಳೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಸೆಳೆವ ಇರಬಹುದೆಂದು ನನಗೆ ತೋರುತ್ತದೆ. ಹೆಸರನ್ನು ನಾನು ಬರೆಯಲಿಲ್ಲ. ಅಂಚಿನಲ್ಲಿ ನೀಲಿ ಶಾಯಿಯಿಂದ ಇಷ್ಟು ಬರೆದು ನೋಟುಬುಕ್ಕನ್ನು ಹಿಂದಿರುಗಿಸಿದ್ದೇನೆ: ‘ಎಷ್ಟು ಹೊತ್ತಿಗೆ? ಬಿಸಿಲು ನಿನ್ನ ಬೆನ್ನಿಗಿತ್ತೋ, ಮುಖಕ್ಕಿತ್ತೋ? ಬಾಲದ ಬುಡ ಯಾವ ಬಣ್ಣ? ಮೊದಲು ಏನೆಂದು ತಿಳಿದಿದ್ದೆ?’